ಗೌಜಲಕ್ಕಿ ಮರಿಗಳಿಗೆ ಹತ್ತಿದ ಉಣ್ಣೆ

ಶಿವನಿಯ ಹುಲಿಯಮ್ಮ ಕೋಳಿ ಸಾಕಲು ಶುರುಮಾಡಿ ಮೂವತ್ತು ವರ್ಷವಾಗಿತ್ತು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಬಂದವಳು ಸಂಜೆಯವರೆಗೂ ಹಿತ್ತಿಲಲ್ಲೇ ಇರುತ್ತಿದ್ದಳು.

ಹೋದ ವರ್ಷ ರಾಗಿ ಕೊಯ್ಯುವ ಮಷಿನ್ನಿಗೆ ಸಿಕ್ಕಿ ಒಂದು ಗೌಜಲಕ್ಕಿ ಸತ್ತಿತು. ಮಷಿನ್ ಓಡಿಸುತ್ತಿದ್ದ ತಿಮ್ಮೇಶ್ ಗೂಡಿನಲ್ಲಿದ್ದ ಏಳು ಮೊಟ್ಟೆಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದ.

"ಇನ್ನೂ ಬೆಚ್ಚಗವೆ ಕಣಕ್ಕಾ, ಏನಾದ್ರೂ ಮಾಡು."

ಕಾವಿಗೆ ಕೂತಿದ್ದ ಕಪ್ಪು ಕೋಳಿಯ ಹೊಟ್ಟೆಯಡಿ ಅವನ್ನು ಸೇರಿಸಿದಳು. ಆರು ಒಡೆದವು. ಹೆಬ್ಬೆರಳಿನಷ್ಟಿದ್ದ ಮರಿಗಳು ಕೋಳಿಯ ಹಿಂದೆ ಓಡುವುದನ್ನು ನೋಡಲು ಗಂಡ ಜವರಯ್ಯನೂ ಬಂದು ಕೂರುತ್ತಿದ್ದ. ಹುಲಿಯಮ್ಮ ದಿನಾ ಗೆದ್ದಲು ಕೆದಕಿ ತಂದು ಹಾಕುತ್ತಿದ್ದಳು.

ಹತ್ತನೇ ದಿನ ಒಂದು ಮರಿ ಕಣ್ಣು ಬಿಡಲಿಲ್ಲ. ಎತ್ತಿ ನೋಡಿದರೆ ರೆಪ್ಪೆಯ ಸುತ್ತ ಎಳ್ಳು ಅಂಟಿಸಿದ ಹಾಗೆ ರಕ್ತ ಹೀರುವ ಉಣ್ಣೆ ಹುಳ. ಉಳಿದವಕ್ಕೂ ಕಿವಿಯ ಬುಡ, ಕತ್ತು, ರೆಕ್ಕೆಯಡಿ ಎಲ್ಲ ಕಡೆ ಹತ್ತಿತ್ತು. ಸಂಜೆಯೊಳಗೆ ಆ ಮರಿ ಸತ್ತಿತು.

ಮಾರನೇ ದಿನ ಇನ್ನೊಂದನ್ನು ರಟ್ಟಿನ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋದಳು. ದನದ ಡಾಕ್ಟರ್ ಸಂಗೀತಾ ಮರಿಯ ಬಾಯಿ ಬಿಡಿಸಿ ನೋಡಿದರು.

"ರಕ್ತಾನೇ ಉಳಿದಿಲ್ಲಮ್ಮ. ಔಷಧಿ ಹಾಕಿದ್ರೆ ಉಣ್ಣೆಗಿಂತ ಮೊದ್ಲು ಇದೇ ಸಾಯುತ್ತೆ. ಕೈಯಲ್ಲೇ ಕಿತ್ತು ನೋಡಿ."

"ಹೊಲದಿಂದ ಬಂದಿದ್ದಾ ಮೇಡಂ?"

"ಮೊಟ್ಟೆ ಒಳಗೆ ಉಣ್ಣೆ ಬರಲ್ಲ. ನಿಮ್ಮ ಕೋಳಿಯಿಂದ, ಅದು ಮಲಗೋ ಜಾಗದ ಗೋಡೆ ಸಂದಿಯಿಂದ ಬಂದಿದೆ. ಕೋಳಿ ತಡ್ಕೊಳ್ಳುತ್ತೆ, ಇವು ತಡ್ಕೊಳ್ಳಲ್ಲ."

ಹುಲಿಯಮ್ಮ ದಾರಿಯುದ್ದಕ್ಕೂ ಡಬ್ಬಿಯನ್ನು ಎದೆಗೊತ್ತಿಕೊಂಡು ಕೂತಿದ್ದಳು. ಮನೆಗೆ ಬಂದು ಗೋಡೆಯ ಸಂದಿಗಳಿಗೆ ಕುದಿಯುವ ನೀರು ಹೊಯ್ದು ಸುಣ್ಣ ಬಳಿದಳು. ಕೋಳಿಯನ್ನು ಬೇರೆ ಮಾಡಿದರೆ ಮರಿಗಳು ಚಳಿಗೆ ನಡುಗಿ ಕೂಗಿದವು. ಮತ್ತೆ ಅದರಡಿಗೇ ಬಿಟ್ಟಳು. ಮುಳ್ಳು ಕೀಳುವ ಚಿಮಟದಿಂದ ಒಂದೊಂದೇ ಉಣ್ಣೆ ಕಿತ್ತಳು. ಕಿತ್ತಲ್ಲೆಲ್ಲ ರಕ್ತದ ಚುಕ್ಕಿ.

"ಬಿಡೇ, ಎಷ್ಟು ಅಂತ ಕೀಳ್ತೀಯಾ?" ಎಂದ ಜವರಯ್ಯ.

"ಹತ್ಸಿದ್ದು ನಾನೇ ಅಲ್ವಾ?"

ವಾರದೊಳಗೆ ಇನ್ನೂ ನಾಲ್ಕು ಹೋದವು. ಉಳಿದ ಒಂದಕ್ಕೆ ಒಂದು ಕಣ್ಣು ಮುಚ್ಚಿಹೋಗಿತ್ತು. ಹೊಲದ ಕಡೆ ಗೌಜಲಕ್ಕಿ ಕೂಗಿದರೆ ಮಾತ್ರ ತಲೆ ಎತ್ತುತ್ತಿತ್ತು. ತನ್ನವರ ಜೊತೆ ಸೇರಿದರಾದರೂ ಬದುಕೀತೇನೋ ಎಂದು ಒಂದು ಮಧ್ಯಾಹ್ನ ಅದನ್ನು ಬೇಲಿಯ ಬುಡದಲ್ಲಿ ಬಿಟ್ಟಳು. ಅದು ಎರಡು ಹೆಜ್ಜೆ ಇಟ್ಟು, ಕಾಲಲ್ಲಿ ಕಿವಿ ಕೆರೆದುಕೊಂಡು, ಅಲ್ಲೇ ಕುಸಿಯಿತು. ಬಹಳ ಹೊತ್ತು ಕಾದಳು. ಏಳಲಿಲ್ಲ. ಸೆರಗಿನಲ್ಲಿ ಎತ್ತಿಕೊಂಡು ಮನೆ ಸೇರುವಷ್ಟರಲ್ಲಿ ಅದರ ಕಾಲು ತಣ್ಣಗಾಗಿತ್ತು.

ಹಿತ್ತಿಲಲ್ಲಿ ಕಪ್ಪು ಕೋಳಿ ಕೊಕ್ ಕೊಕ್ ಎನ್ನುತ್ತ ಓಡಿಬಂದು ಅವಳ ಸೆರಗಿನತ್ತ ಕತ್ತು ಚಾಚಿತು. ಹುಲಿಯಮ್ಮ ಸೆರಗು ಬಿಚ್ಚದೆ ನಿಂತಳು.