ಮೂರು ಸಲ ಬರೆದ ನಂಬರು

ಮಳೆ ಬರುತ್ತಿತ್ತು ಎಂದು ಶುರು ಮಾಡಬೇಕೆನಿಸುತ್ತದೆ. ಬರುತ್ತಿರಲಿಲ್ಲ. ಮಾಲೀಕರ ಅಂಗಳದಲ್ಲಿ ಅಡಿಕೆ ಹರವಿದ್ದರು, ಆದ್ದರಿಂದ ಬಿಸಿಲೇ ಇದ್ದಿರಬೇಕು.

ಆಗ ನಾನು ಕೊಪ್ಪದ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ರೂಟರ್ ನೋಡಿಕೊಳ್ಳುತ್ತಿದ್ದೆ. ಮಾಲೀಕರ ಮನೆ ಅಲ್ಲೇ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ. ನನಗೂ ಅವರಿಗೂ ಮೊದಲಿಂದ ಆಗಿಬರುತ್ತಿರಲಿಲ್ಲ. ಕಾರಣ ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳುತ್ತೇವೆ. ನನ್ನದನ್ನು ನಾನೇ ಪೂರ್ತಿ ನಂಬುವುದಿಲ್ಲ.

ಹೊರಜಗತ್ತಿಗೆ ನಮ್ಮಿಂದ ಎರಡು ಲೈನು. ನರಸಿಂಹರಾಜಪುರದ ಕಡೆಯದು ದೊಡ್ಡದು. ಶೃಂಗೇರಿ ಕಡೆಯದು ಸಣ್ಣದು, ದೊಡ್ಡದು ಕೆಟ್ಟಾಗಿನ ಉಪಯೋಗಕ್ಕೆ. ಇಂಟರ್ನೆಟ್ಟಿನಲ್ಲಿ ಇಂಥ ಪ್ರತಿ ಕಂಪನಿಗೂ ಒಂದು ನಂಬರು. ನಮ್ಮನ್ನು ತಲುಪುವ ದಾರಿಯೆಂದರೆ ಆ ನಂಬರುಗಳ ಸಾಲು: ಎಡತುದಿಯಲ್ಲಿ ನೋಡುವವನ ಪಕ್ಕದ ಕಂಪನಿ, ಬಲತುದಿಯಲ್ಲಿ ನಾವು. ಸಾಮಾನ್ಯವಾಗಿ ಯಾವ ಸಾಲು ಗಿಡ್ಡವೋ ಆ ಕಡೆಯಿಂದ ಜಗತ್ತು ಬರುತ್ತದೆ. ನಮಗೆ ಶೃಂಗೇರಿ ಕಡೆಯ ಸಾಲೇ ಗಿಡ್ಡ; ಅದಕ್ಕೇ ಆ ಕಡೆಗೆ ನಮ್ಮ ನಂಬರನ್ನು ಬೇಕೆಂದೇ ಮೂರು ಸಲ ಹಾಕಿದ್ದೆ. ಆ ದಾರಿ ದೂರವೆಂದು ಕಾಣುತ್ತದೆ, ಎಲ್ಲರೂ ನರಸಿಂಹರಾಜಪುರದ ಮೇಲೆ ಬರುತ್ತಾರೆ.

ಮಾಲೀಕರಿಗೆ ಇದು ಅರ್ಥವಾಗಬೇಕಿತ್ತು. ಅವರ ಮನೆಯಂಗಳ ದಾಟಿ ಒಂದು ಒಳದಾರಿ ಹೋಗುತ್ತದೆ. ಆಚೆಯ ಮನೆಗಳಿಗೆ ಅದೇ ಹತ್ತಿರ. ಯಾರು ಕೇಳಿದರೂ ಅದು ಭಾರಿ ಸುತ್ತು, ಮೇಲಿನ ರಸ್ತೆ ಹಿಡೀರಿ ಎನ್ನುತ್ತಿದ್ದರು. ನಮ್ಮ ಕಡೆ ಹಾಗೇ. ಬರುವುದು ಬೇಡವಾದರೆ ದೂರ ಎನ್ನುತ್ತೇವೆ.

ಒಂದು ಬೆಳಿಗ್ಗೆ ಯಾರೋ ಅವರಿಗೆ ಮೊಬೈಲಿನಲ್ಲಿ ನಮ್ಮ ದಾರಿಯ ಸಾಲು ತೋರಿಸಿದ್ದರು.

"ಎಂತ ಮಾರಾಯ ಇದು? ನಮ್ಮ ನಂಬರು ಮೂರು ಸಲ ಕೂತಿದೆ. ಆಫೀಸಿನ ಒಳಗೇ ಮೂರು ಸುತ್ತು ಹೊಡೀತದಾ? ಜನ ಸ್ಲೋ ಅಂತ ಬಯ್ಯೋದು ಸುಮ್ನೆ ಅಲ್ಲ."

ವಿವರಿಸಿದೆ. ತಾಳ್ಮೆಯಿಂದ ವಿವರಿಸಿದೆ ಎಂದು ಬಹಳ ಕಾಲ ಹೇಳಿಕೊಂಡು ಬಂದೆ; ಈಗ ಆ ಪದ ತೆಗೆದಿದ್ದೇನೆ. ನನಗೆ ಕಲಿಸಬೇಡ ಎಂದು ಅವರು ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಹೆಚ್ಚಿನ ಎರಡು ನಂಬರನ್ನು ತಾವೇ ಅಳಿಸಿದರು.

ಸ್ವಲ್ಪ ಹೊತ್ತಿಗೆಲ್ಲ ಜಗತ್ತು ಶೃಂಗೇರಿಯ ಸಣ್ಣ ಲೈನಿಗೆ ನುಗ್ಗಿತು. ಯಾವ ಪುಟವೂ ತೆರೆಯಲಿಲ್ಲ. ಕಾಲೇಜಿಗೆ ಅರ್ಜಿ ತುಂಬುವ ಕಡೆಯ ದಿನ ಅದು. ಬಾಳಗಡಿಯ ಸೈಬರ್ ಅಂಗಡಿಯಲ್ಲಿ ಕಾದು ಸೋತವರೆಲ್ಲ ನಮ್ಮ ಬಾಗಿಲಿಗೆ ಬಂದು ನಿಂತರು. ಮಾಲೀಕರು ನನ್ನ ಕಡೆ ಕೈ ತೋರಿಸಿದರು.

"ಇವ್ನೇ ನಂಬರು ಮೂರು ಮೂರು ಸಲ ಒತ್ತಿಟ್ಟಿದ್ದ. ಅದಕ್ಕೇ ಹೀಗಾಗಿದ್ದು."

ಅಡ್ಡಗದ್ದೆಯಿಂದ ಮಗಳ ಜೊತೆ ಬಂದಿದ್ದ ಒಬ್ಬ ತಾಯಿ ನನ್ನನ್ನೇ ನೋಡಿ, "ಕೂಸಿನ ಒಂದು ವರ್ಷ ಹಾಳಾದ್ರೆ ಎಂತ ಮಾಡ್ತೀರಿ?" ಎಂದರು. ಕಳ್ಳನನ್ನು ಕೇಳುವ ಧ್ವನಿ.

"ಅಳಿಸಿದ್ದು ಯಾರು ಅಂತ ಹೇಳಿ ಸಾರ್," ಎಂದೆ.

"ಮೊದ್ಲು ಸರಿ ಮಾಡು. ಕೆಲ್ಸ ಬೇಕಲ್ಲ?"

ಆ ಹುಡುಗಿ ಅಳುತ್ತಿರಲಿಲ್ಲ, ಮೊಬೈಲ್ ಒತ್ತುತ್ತಲೇ ಇದ್ದಳು. ಅದೇ ಎರಡು ನಂಬರನ್ನು ಮತ್ತೆ ಹಾಕಿದೆ. ದಾರಿ ತಿರುಗಿತು, ಅರ್ಜಿ ಹೋಯಿತು. ತಾಯಿ ಮಾಲೀಕರಿಗೆ ಕೈ ಮುಗಿದರು. ಅವರು ಕೈ ಮುಗಿಸಿಕೊಂಡರು. ನನ್ನ ಕಡೆ ಯಾರೂ ನೋಡಲಿಲ್ಲ.

ಆಗಲೇ ಒಬ್ಬ ಪಿಕಪ್ ಡ್ರೈವರ್ ಬಂದು ನಾರ್ವೆಯಲ್ಲಿ ಮಾಲೀಕರ ಮನೆಯಿಂದಾಚೆ ಸಾಮಾನು ಇಳಿಸಬೇಕು, ದಾರಿ ಯಾವುದು ಎಂದ. ಒಳದಾರಿ ಭಾರಿ ಸುತ್ತು, ಮೇಲಿನ ರಸ್ತೆಯೇ ಸರಿ ಎಂದರು ಮಾಲೀಕರು. ನಾನು ಅವನ ಹಿಂದೆಯೇ ಹೊರಗೆ ಹೋದೆ.

"ಸುತ್ತೂ ಇಲ್ಲ ಎಂತದೂ ಇಲ್ಲ. ಅಂಗಳದ ಮೇಲೇ ಹೋಗು. ಅಡಿಕೆ ಹರವಿದ್ರೆ ಸರಿಸ್ಲಿಕ್ಕೆ ಹೇಳು. ಊರವರಿಗೆಲ್ಲ ಹೇಳು."

ಡ್ರೈವರ್ 'ಆಗಲೇ' ಬಂದ ಎಂದು ಬರೆದದ್ದು ಚೆನ್ನಾಗಿ ಕೂತಿದೆ, ಅದಕ್ಕೇ ಅನುಮಾನ. ಮಾರನೆಯ ದಿನವೂ ಇದ್ದೀತು. ಪಿಕಪ್ ಅಂಗಳ ದಾಟಿದ್ದು ನಿಜ. ನನ್ನ ಕೆಲಸ ಹೋದದ್ದು ನಿಜ. ಈಗ ಆ ದಾರಿಯಲ್ಲಿ ಹಾಲಿನ ಗಾಡಿಯೂ ಹೋಗುತ್ತದಂತೆ. ಕೇಳಿದಾಗಲೆಲ್ಲ ಹಿತವಾಗುತ್ತದೆ.