ಎರಡೆಲೆ ಸಂದಿಯ ರಿಂಗು

ಚಿಕ್ಕೇರೂರಿನ ಗುತ್ತೆಪ್ಪ ಎಂಜಿನ್ ರಿಪೇರಿಯಲ್ಲಿ ಎಷ್ಟು ಹೆಸರುವಾಸಿಯೆಂದರೆ, ಅವನು ಹತ್ತಿರ ಸುಳಿದರೆ ಕೆಟ್ಟ ಎಂಜಿನ್ನುಗಳು ಹೆದರಿ ತಾವಾಗಿಯೇ ಎರಡು ಸುತ್ತು ತಿರುಗುತ್ತಿದ್ದವು. ಮೂರನೆಯ ಸುತ್ತಿಗೆ ಮಾತ್ರ ಬಿಡಿಭಾಗ ಬೇಕಾಗುತ್ತಿತ್ತು.

ಬಿಡಿಭಾಗ ಆರಿಸುವಾಗ ಅವನದು ಹೆಣ್ಣು ನೋಡಲು ಬಂದ ಬೀಗರಿಗಿಂತ ಹೆಚ್ಚಿನ ತಕರಾರು. ಹಿತ್ತಾಳೆ ಬಳೆಯಂಥ ಬುಶ್ಶನ್ನು ದಾರಕ್ಕೆ ತೂಗಿಬಿಟ್ಟು, ಬಡಿದು, ನಾದ ಕೇಳುವನು. ಪಿಸ್ಟನ್ ರಿಂಗಿಗೆ ಮಾತ್ರ ವೀಳ್ಯದೆಲೆಯ ಪರೀಕ್ಷೆ. ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆಗೆ ಲೈನರ್ ಎನ್ನುತ್ತಾರೆ. ಅದರೊಳಗೆ ರಿಂಗು ಕೂರಿಸಿ, ರಿಂಗಿನ ಎರಡು ತುದಿಗಳ ನಡುವಿನ ಸಂದಿಯಲ್ಲಿ ಎಲೆ ತೂರಿಸುವುದು. ಒಂದೆಲೆ ಹೋಗಬೇಕು, ಎರಡು ಹೋಗಬಾರದು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಶಂಕ್ರವ್ವನ ಹಿಟ್ಟಿನ ಗಿರಣಿಯ ಎಂಜಿನ್ನನ್ನು ಅವನು ಹೀಗೆ ಎರಡು ಸಲ ಹೊಸದು ಮಾಡಿಕೊಟ್ಟ. ಎರಡೂ ಸಲ ಅದು ಕಾದು ಬಿಸಿಯಾಗುತ್ತಲೇ ಬಿಗಿದುಕೊಂಡು ನಿಂತಿತು. ಜೋಳ ಹೊತ್ತ ಹೆಂಗಸರು ಹಿರೇಕೆರೂರಿನ ಗಿರಣಿಗೆ ನಡೆದೂ ನಡೆದೂ ದಾರಿ ಮೊಳದಾಳ ತಗ್ಗಾಯಿತು.

"ಇದ ಕಡೀದು, ಗುತ್ತೆಪ್ಪ," ಎಂದಳು ಶಂಕ್ರವ್ವ. "ಸೋಮಾರ ಗಿರಣಿ ಓಡಲಿಲ್ಲಂದ್ರ ಹಿರೇಕೆರೂರು ಮೇಸ್ತ್ರಿನ್ನ ಕರಸ್ತೇನಿ. ನೀ ಸೈಕಲ್ ಪಂಚರ್ ಹಾಕ್ಕೋತ ಕುಂದ್ರು."

ಗುತ್ತೆಪ್ಪ ಲೈನರನ್ನು ಹೆಗಲಿಗೇರಿಸಿ ಶಿಗ್ಗಾಂವದ ಬಸ್ಸು ಹತ್ತಿದ. ಕಂಡಕ್ಟರ್ ಲೈನರಿಗೆ ಅರ್ಧ ಟಿಕೀಟು ಹರಿದ.

ಶಿಗ್ಗಾಂವದ ಬಿಡಿಭಾಗದ ಅಂಗಡಿಯ ಭರಮಪ್ಪ ಇವನನ್ನು ಕಂಡು ಕೈ ಮುಗಿದ. "ಬರ್ರಿ. ಎಲಿ ತಂದೀರೇನ್ರಿ?"

ಗುತ್ತೆಪ್ಪ ಊರಿಂದ ತಂದಿದ್ದ ಎರಡೆಲೆಗಳನ್ನು ಎಲೆಅಡಿಕೆಯ ಚಂಚಿಯಿಂದ ತೆಗೆದ. ಒಂಬತ್ತು ಸೆಟ್ಟು ನೋಡಿದ. ಎಲ್ಲದರಲ್ಲೂ ಎರಡೆಲೆ ಸಲೀಸಾಗಿ ಹೋದವು.

"ಸಡಲ ಅದಾವು. ಹೋದ ಸಲದಂಥಾ ಬಿಗಿ ರಿಂಗ ತಗೀರಿ."

"ಅವು ತೀರ್ಯಾವ್ರಿ. ನಿಮ್ಮಂಥಾ ಗಿರಾಕಿ ಇನ್ನೊಬ್ಬ ಇದ್ದಿದ್ರ ನಾ ಎಲಿ ಅಂಗಡೀನ ಇಡತಿದ್ದೆ."

ಸಿಟ್ಟಿಗೆ ಎರಡೂ ಎಲೆ ಅಗಿಯುತ್ತ ಗುತ್ತೆಪ್ಪ ಸವಣೂರಿಗೆ ಹೋದ. ಅಲ್ಲಿ ಇಸಾಕನ ಅಂಗಡಿ ಎಲೆತೋಟದ ಎದುರಿಗೇ ಇತ್ತು. ಬಳ್ಳಿಯಿಂದ ಆಗಷ್ಟೇ ಕಿತ್ತ ಎಲೆ ತರಿಸಿ ಮೊದಲನೆಯ ಸೆಟ್ಟಿಗೇ ತೂರಿಸಿದ. ಒಂದು ಹೋಯಿತು, ಎರಡು ಹೋಗಲಿಲ್ಲ.

"ಇದು ನೋಡು ಮಾಲು! ಆ ಭರಮಪ್ಪಗ ಬುದ್ಧಿ ಹೇಳಬೇಕು."

"ಕಾಕಾ, ಅವಂದೂ ಇದ ಕಂಪನಿ, ಇದ ಪೆಟಗಿರಿ," ಎಂದ ಇಸಾಕ.

"ಅಲ್ಲಿ ಎರಡೆಲಿ ಹೋದುವಲ್ಲೋ?"

"ಎಲಿ ಊರಿಂದ ಚಂಚ್ಯಾಗ ತಂದಿದ್ರೇನ್ರಿ? ಈ ಬಿಸಲಾಗ ಬಾಡಿದ್ರ ತೆಳ್ಳಗಾಗಂಗಿಲ್ಲೇನು?"

ಗುತ್ತೆಪ್ಪ ಹಸಿ ಎಲೆಯನ್ನು ಬೆರಳಲ್ಲಿ ಹೊಸೆದು ದಪ್ಪ ನೋಡಿದ. ಹಿಂದಿನ ಎರಡೂ ಸಲ ಬಾಡಿದೆಲೆ ನಂಬಿ ಬಿಗಿ ರಿಂಗು ಆರಿಸಿದ್ದ. ಕಾದು ಹಿಗ್ಗಿದಾಗ ತುದಿಗೆ ತುದಿ ತಾಗಿ, ಸರಿಯಲು ಜಾಗವಿಲ್ಲದೆ ಕಚ್ಚಿಕೊಂಡಿದ್ದವು.

ಸವಣೂರಿನ ರಿಂಗು ತೊಡಿಸಿದ ಮೇಲೆ ಸೋಮವಾರ ಎಂಜಿನ್ ಶುರುವಾಯಿತು. ಅದರ ಸದ್ದಿಗೆ ಹಾನಗಲ್ಲಿನ ಎಮ್ಮೆಗಳು ಕಿವಿ ನಿಮಿರಿಸಿದವೆಂದು ಹೇಳುತ್ತಾರೆ. ಸಂಜೆಯಾದರೂ ನಿಲ್ಲಲಿಲ್ಲ. ಹೆಂಗಸರ ಸಾಲು ಬಾಗಿಲು ದಾಟಿ ಓಣಿಗೆ ಬಂತು.

"ಹಿಂದಿನ ಎರಡ ಸಲ ಏನಾಗಿತ್ತೋ?" ಎಂದು ಶಂಕ್ರವ್ವ ಕೇಳಿದಳು.

ಅಂಗಡಿಯವರ ಮಾಲೇ ಖೊಟ್ಟಿಯಿತ್ತು ಎನ್ನಬಹುದಿತ್ತು. ಗುತ್ತೆಪ್ಪ ನೆಲ ನೋಡಿ, "ಎಲಿ ಬಾಡಿತ್ತವ್ವಾ. ತಪ್ಪು ನಂದ," ಎಂದ.

ಶಂಕ್ರವ್ವ ಅವನನ್ನೊಮ್ಮೆ, ಸಾಲನ್ನೊಮ್ಮೆ ನೋಡಿ ದನಿ ತಗ್ಗಿಸಿದಳು. "ಬಾಯಿ ಮುಚ್ಚು. ಎಲಿ ನಂಬಿ ಗಿರಣಿ ನಡಸ್ತಾಳಂತ ಇವ್ರೆಲ್ಲಾ ಮತ್ತ ಹಿರೇಕೆರೂರಿಗೆ ಹೊಂಟಾರು. ಹಿಡಿ, ಆ ಬುಟ್ಟಿ ಎತ್ತಿ ಸುರುವು."