ಅಂಗಡಿಯಿಂದ ಬಂದವನು

ನನ್ನ ಚಿಕ್ಕಪ್ಪ ದರ್ಜಿ. ಬೀದಿಯವರೆಲ್ಲ ಅವನನ್ನು ‘ಅರ್ಧ ಇಂಚು’ ಎಂದು ಕರೆಯುತ್ತಿದ್ದರು. ಯಾರ ಅಂಗಿ ಹೊಲಿದರೂ ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟು, “ಮುಂದೆ ದಪ್ಪ ಆದ್ರೆ ಬನ್ನಿ, ಬಿಚ್ಚಿ ಕೊಡ್ತೀನಿ” ಎನ್ನುತ್ತಿದ್ದ. ಸರಿಮಾಡಲು ಯಾವಾಗಲೂ ಜಾಗ ಇದ್ದೇ ಇರುತ್ತದೆ ಎಂದು ನಂಬಿದ ಮನುಷ್ಯ. ಆ ನಂಬಿಕೆಯೇ ಅವನನ್ನು ಕೆಡಿಸಿತು ಎಂದು ನನಗನ್ನಿಸುತ್ತದೆ.

ಅಂಗಿ ಅವನದು, ಕಾಜ ಚಿಕ್ಕಮ್ಮನದು. ಗುಂಡಿ ತೂರಿಸುವ ಸೀಳಿನ ಅಂಚನ್ನು ಮೇಣ ಸವರಿದ ದಾರದಿಂದ ಸುತ್ತಿ ಹೊಲಿಯುವ ಆ ಕೈಗೆಲಸವನ್ನು ಅವಳು ಮದುವೆಯಾದಾಗಿನಿಂದ ನಲವತ್ತೊಂದು ವರ್ಷ ಮನೆಯ ಕಿಟಕಿಯ ಪಕ್ಕ ಕೂತು ಮಾಡಿದಳು. ಅಂಗಡಿ ಎರಡು ಬೀದಿ ಆಚೆ. ದಿನಾ ಸಂಜೆ ಅಂಗಡಿಯ ಕೆಲಸದವನೊಬ್ಬ ಅಂಗಿಗಳ ಗಂಟು ತಂದುಕೊಟ್ಟು, ಮುಗಿದವನ್ನು ಒಯ್ಯುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ.

ಅರವತ್ತಾರರಲ್ಲಿ ಚಿಕ್ಕಮ್ಮನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದನ್ನು ಮರೆತಳು, ಆಮೇಲೆ ನನ್ನನ್ನು, ಕೊನೆಗೆ ಗಂಡನನ್ನು. ಸರಿಯಾಗಿ ಹೇಳಬೇಕೆಂದರೆ ಗಂಡನನ್ನು ಮರೆಯಲಿಲ್ಲ. ಗಂಡ ಇದ್ದಾನೆ, ಅಂಗಡಿಯಲ್ಲಿದ್ದಾನೆ, ಮೂವತ್ತೈದರ ಗಟ್ಟಿ ಆಳು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯೊಳಗೆ ಓಡಾಡುವ ಈ ಬೋಳುತಲೆಯ ಮುದುಕ ಯಾರು ಎಂಬುದೇ ಗೊತ್ತಿರಲಿಲ್ಲ. ಒಂದು ಮಧ್ಯಾಹ್ನ ಅವನು ಹೊದಿಕೆ ಸರಿಮಾಡಲು ಹೋದಾಗ ಕೈಗೆ ಹೊಡೆದು ಎದ್ದು ನಿಂತಳು.

“ನಾನು ಮದುವೆಯಾದೋಳು. ದೇವರ ಮುಂದೆ ಮಾತು ಕೊಟ್ಟಿದೀನಿ. ಹೊರಗೆ ಹೋಗಿ.”

ಅಂದಿನಿಂದ ಕೋಣೆಗೆ ಒಳಗಿನಿಂದ ಚಿಲಕ ಬಿತ್ತು. ಎದುರು ಮನೆಯವಳಾದ ನಾನು ಹಗಲೆಲ್ಲ ಅಲ್ಲೇ ಇರುತ್ತಿದ್ದೆ. ನರ್ಸ್ ಎಂದುಕೊಂಡು ನನ್ನನ್ನು ಮಾತ್ರ ಒಳಗೆ ಬಿಡುತ್ತಿದ್ದಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಮದುವೆಯ ಫೋಟೊ ತೋರಿಸಿದರೆ, ಫೋಟೊದಲ್ಲಿದ್ದವನನ್ನು ನೋಡಿ ನಗುತ್ತಿದ್ದಳು. ಅದನ್ನು ಹಿಡಿದಿದ್ದವನ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಉಪಾಯ ಹೊಳೆದದ್ದು ಚಿಕ್ಕಪ್ಪನಿಗೇ. ಒಂದು ಸಂಜೆ ಕೊರಳಿಗೆ ಟೇಪು ಹಾಕಿಕೊಂಡು, ಬಟ್ಟೆಯ ಗಂಟು ಹಿಡಿದು, ಅವಳ ಕೋಣೆಯ ಬಾಗಿಲು ತಟ್ಟಿದ.

“ಅಂಗಡಿಯಿಂದ ಬಂದಿದೀನಿ ಅಮ್ಮ. ಯಜಮಾನ್ರು ಕಾಜಕ್ಕೆ ಕಳಿಸಿದಾರೆ.”

ಚಿಲಕ ತೆರೆಯಿತು.

ಹೀಗೆ ಎಪ್ಪತ್ತರ ಮುದುಕ ತನ್ನ ಅಂಗಡಿಯಲ್ಲಿ ತಾನೇ ಆಳಾಗಿ ಸೇರಿಕೊಂಡ. ಬಾಗಿಲ ಪಕ್ಕದ ಸ್ಟೂಲಿನ ಮೇಲೆ, ಹೆಂಡತಿಗೆ ‘ನೀವು’ ‘ತಾವು’ ಎನ್ನುತ್ತಾ ಕೂರುತ್ತಿದ್ದ. ಅವಳು ಹಳೆಯ ಬಟ್ಟೆಚೂರುಗಳಿಗೆ ಕಾಜ ಹೊಲಿಯುತ್ತಿದ್ದಳು. ತಲೆಗೆ ಏನಾಗಿದೆ ಎಂಬ ಸುದ್ದಿ ಬೆರಳಿಗೆ ಇನ್ನೂ ಮುಟ್ಟಿರಲಿಲ್ಲ. ಕೆಲಸ ಮುಗಿದ ಮೇಲೆ ತಲೆ ಬಾಗಿಸಿ, “ಕರ್ತನೇ, ಅವರನ್ನ ಮನೆಗೆ ಕರ್ಕೊಂಡು ಬಾ” ಎಂದು ಪ್ರಾರ್ಥಿಸುತ್ತಿದ್ದಳು. ಸ್ಟೂಲಿನ ಮೇಲಿದ್ದ ಗಂಡ ಆಮೆನ್ ಎನ್ನುತ್ತಿದ್ದ. ಒಮ್ಮೆ ಅವನ ಕೈಯ ಉಂಗುರ ನೋಡಿ, “ನಿಮಗೂ ಮದುವೆ ಆಗಿದೆಯಲ್ಲ. ಹೆಂಡ್ತಿ ಕಾಯ್ತಿರ್ತಾಳೆ, ಬೇಗ ಮನೆಗೆ ಹೋಗಿ” ಎಂದಳು. ಅವನು ಹೊರಗೆ ಬಂದು ನಡುಮನೆಯ ಬೆಂಚಿನ ಮೇಲೆ ಉರುಳಿಕೊಂಡ. ನನಗೆ ನಗು ಬಂತು. ಅವನೂ ನಕ್ಕ, ಗೋಡೆಯ ಕಡೆ ತಿರುಗಿ.

ನನಗೆ ಅವನ ಮೇಲೆ ಮರುಕ ಇದ್ದಷ್ಟೇ ಸಿಟ್ಟೂ ಇತ್ತು. ಮೂವತ್ತೈದರ ವಯಸ್ಸಿನಲ್ಲಿ ಅವನು ಒಂದು ವರ್ಷ ಗಿರಣಿ ಬೀದಿಯ ಒಬ್ಬಳ ಮನೆಗೆ ಹೋಗಿಬರುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆ; ನಮ್ಮಮ್ಮನಿಗೇ ಗೊತ್ತಿತ್ತು. ಆಮೇಲೆ ಬಿಟ್ಟ. ದೇವರ ಮುಂದೆ ಅತ್ತ, ಪಾದ್ರಿಯ ಮುಂದೆ ಒಪ್ಪಿಕೊಂಡ. “ಮಾತು ಕೊಟ್ಟಿದ್ದು ಅವಳಿಗೂ ತಾನೇ, ಅವಳ ಹತ್ತಿರವೂ ಕೇಳು” ಎಂದರಂತೆ ಪಾದ್ರಿ. ನಾಳೆ ಹೇಳುತ್ತೇನೆ, ನಾಡಿದ್ದು ಹೇಳುತ್ತೇನೆ ಎನ್ನುತ್ತಲೇ ಮೂವತ್ತೈದು ವರ್ಷ ಕಳೆದ. ಒಳಗೆ ಅರ್ಧ ಇಂಚು ಇದೆಯಲ್ಲ, ಯಾವಾಗ ಬೇಕಾದರೂ ಬಿಚ್ಚಬಹುದು.

ಒಂದು ಸಂಜೆ ನಾನು ಒಳಗೆ ದಿಂಬಿನ ಚೀಲ ಬದಲಿಸುತ್ತಿದ್ದೆ. ಚಿಕ್ಕಮ್ಮ ಸೂಜಿ ನಿಲ್ಲಿಸಿ, ಸ್ಟೂಲಿನ ಮೇಲಿದ್ದ ಚಿಕ್ಕಪ್ಪನನ್ನು ಕೇಳಿದಳು:

“ನಮ್ಮ ಯಜಮಾನ್ರು ಅಂಗಡಿಯಿಂದ ಎಷ್ಟು ಗಂಟೆಗೆ ಹೊರಡ್ತಾರೆ?”

“ಏಳಕ್ಕೆ, ಅಮ್ಮ.”

“ಮನೆಗೆ ಬರೋದು ಒಂಬತ್ತಕ್ಕೆ. ಎರಡು ಬೀದಿ ನಡೆಯೋಕೆ ಎರಡು ಗಂಟೆ.” ದಾರವನ್ನು ಹಲ್ಲಿನಿಂದ ಕಚ್ಚಿ ತುಂಡು ಮಾಡಿದಳು. “ಎಲ್ಲಿ ಹೋಗ್ತಾರೆ ಅಂತ ನಂಗೊತ್ತು. ನೀವು ಹೇಳೋಕೆ ಹೋಗಬೇಡಿ.”

ಚಿಕ್ಕಪ್ಪ ಕೊರಳ ಟೇಪು ಎಳೆದು ಕೈಗೆ ಸುತ್ತಿಕೊಂಡ. “ಗೊತ್ತಿದ್ದೂ ಯಾಕೆ ಕೇಳಲಿಲ್ಲ ನೀವು?”

“ಕೇಳಿದ್ರೆ ಸುಳ್ಳು ಹೇಳ್ತಾರೆ. ಆ ಪಾಪದ ಮೇಲೆ ಇದೊಂದು ಯಾಕೆ? ಅವರಾಗೇ ಬಂದು ಹೇಳಲಿ. ಕ್ಷಮಿಸಬೇಕು ಅಂತ ನಾನು ಯಾವತ್ತೋ ಗಟ್ಟಿ ಮಾಡ್ಕೊಂಡಿದೀನಿ. ಕೇಳದೇ ಇರೋರಿಗೆ ಹೇಗೆ ಕೊಡೋದು, ಹೇಳಿ.”

ಅವನು ಸ್ಟೂಲಿನಿಂದ ಜಾರಿ ಮಂಡಿಯೂರಿದ. ಬೇಡ ಎಂದು ನಾನು ಕೈಸನ್ನೆ ಮಾಡಿದೆ, ನೋಡಲಿಲ್ಲ. ಅವಳ ಎರಡೂ ಕೈ ಹಿಡಿದುಕೊಂಡ.

“ನಾನೇ ಕಣೆ. ನಾನೇ ನಿನ್ನ ಗಂಡ. ತಪ್ಪಾಯ್ತು, ಕ್ಷಮಿಸಿಬಿಡು.”

ಚಿಕ್ಕಮ್ಮ ಕೈ ಕಿತ್ತುಕೊಂಡ ರಭಸಕ್ಕೆ ಸೂಜಿ ಅವನ ಅಂಗೈಯನ್ನು ಗೀರಿತು. ಗೋಡೆಗೆ ಒತ್ತಿಕೊಂಡು ನಿಂತಳು. ಅವಳ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಭಯ. ಯಾರೋ ಪರಗಂಡಸು, ಗಂಡನಿಲ್ಲದ ಹೊತ್ತು ನೋಡಿಕೊಂಡು ಕೈ ಹಿಡಿದಿದ್ದ. ಅವನನ್ನು ನಾನೇ ತೋಳು ಹಿಡಿದು ಆಚೆ ಕರೆತಂದೆ.

ಹೆಸರು, ಮುಖ ಎಲ್ಲ ಮರೆತವಳು ಆ ಭಯವನ್ನು ಮಾತ್ರ ಮರೆಯಲಿಲ್ಲ. ಮೂರು ವಾರ ‘ಅಂಗಡಿಯಿಂದ ಬಂದಿದೀನಿ’ ಎಂದರೂ ಚಿಲಕ ತೆರೆಯಲಿಲ್ಲ. ಸೂಜಿ ಮುಟ್ಟಲಿಲ್ಲ. ಊಟ ಬಿಟ್ಟಳು. ಹಾಸಿಗೆಯಿಂದ ಏಳದಂತಾದ ಮೇಲೆ ಡಾಕ್ಟರು ಬಂದು ನೋಡಿ, ಇನ್ನೇನೂ ಉಳಿದಿಲ್ಲ ಎಂದರು. ಆಗ ಚಿಲಕ ಹಾಕುವವರೂ ಇರಲಿಲ್ಲ. ಆದರೂ ಚಿಕ್ಕಪ್ಪ ಹೊಸಿಲ ಆಚೆಯೇ ನಿಂತು ಹೇಳಿದ.

“ಅಂಗಡಿಯವನು, ಅಮ್ಮ. ಅವತ್ತು ತಪ್ಪಾಗಿ ನಡ್ಕೊಂಡೆ. ಕ್ಷಮಿಸಿ.”

ಹಾಸಿಗೆಯಿಂದ ಅವಳ ದನಿ ಬಂತು. “ಕೇಳಿದ್ರಲ್ಲ, ಸಾಕು. ಕ್ಷಮಿಸಿದೀನಿ. ಯಜಮಾನ್ರಿಗೆ ಹೇಳಲ್ಲ, ನೊಂದ್ಕೋತಾರೆ.” ಆಮೇಲೆ, “ಅವರಿನ್ನೂ ಬರಲಿಲ್ವಾ?” ಎಂದಳು.

“ಬರ್ತಾರೆ, ಅಮ್ಮ.”

ನಾಲ್ಕನೆಯ ದಿನ ಬೆಳಿಗ್ಗೆ ಹೋದಳು. ಕೊಟ್ಟ ಮಾತನ್ನು ಕೊನೆಯುಸಿರಿನ ತನಕ ಉಳಿಸಿಕೊಂಡ ಹೆಂಗಸು ಎಂದು ಪಾದ್ರಿ ಹೇಳಿದಾಗ ದೇವಾಲಯದಲ್ಲಿದ್ದವರೆಲ್ಲ ಚಿಕ್ಕಪ್ಪನ ಕಡೆ ತಿರುಗಿ ನೋಡಿದರು. ಅವನು ಅಂಗೈಯಲ್ಲಿ ಸೂಜಿ ಗೀರಿದ್ದ ಜಾಗವನ್ನು ಹೆಬ್ಬೆರಳಿನಿಂದ ತೀಡುತ್ತಾ ಕೂತಿದ್ದ.

ಮಣ್ಣು ಮಾಡಿ ಬರುವಾಗ, ಸಮಾಧಾನಕ್ಕೆ ಬೇರೇನೂ ತೋಚದೆ ನಾನು ಹೇಳಿದೆ: “ಕ್ಷಮಿಸಿದೀನಿ ಅಂದ್ಲಲ್ಲ, ಚಿಕ್ಕಪ್ಪ.”

“ಅದು ಅಂಗಡಿಯವನಿಗೆ ಸಿಕ್ಕಿದ್ದು ಕಣಮ್ಮ,” ಎಂದ ಅವನು. “ಅವಳ ಗಂಡ ಇನ್ನೂ ಬಂದೇ ಇಲ್ಲ.”